ಗೋವಾದ ಬಾಟಲಿಗೆ ಬಿಲ್ ಇದ್ದರೂ ಕೇಸ್ ಯಾಕೆ? ಮದ್ಯದ ತೆರಿಗೆ ಸೋರುವ ದಾರಿಗಳು

ಡಿಸೆಂಬರ್ ಬಂತೆಂದರೆ ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಚೋರ್ಲಾ ರಸ್ತೆಯಲ್ಲಿ ಕಾರುಗಳ ಸಾಲು. ಹೋಗುವಾಗ ಯಾರೂ ಏನೂ ಕೇಳುವುದಿಲ್ಲ. ಬರುವಾಗ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಅಬಕಾರಿ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸುತ್ತಾರೆ. ಸಿಕ್ಕಿಬಿದ್ದವರ ಮಾತು ಹೆಚ್ಚುಕಡಿಮೆ ಒಂದೇ: "ಸಾಹೇಬ್ರ, ಕಳವು ಮಾಡಿ ತಂದಿಲ್ರಿ. ರೊಕ್ಕ ಕೊಟ್ಟೀನಿ, ಬಿಲ್ ಐತಿ ನೋಡ್ರಿ."

ಬಿಲ್ ನಿಜ, ಬಾಟಲಿಯೂ ಅಸಲಿ. ಆದರೂ ಕೇಸ್ ಆಗುತ್ತದೆ. ಗೋವಾದಲ್ಲಿ ಕೊಂಡ ಅಂಗಿಗೋ ಗೋಡಂಬಿಗೋ ಇಲ್ಲದ ಈ ತಕರಾರು ಮದ್ಯಕ್ಕೆ ಮಾತ್ರ ಯಾಕೆ? ಇದು ಗೊತ್ತಾಗಬೇಕೆಂದರೆ ಮದ್ಯದ ಮೇಲಿನ ತೆರಿಗೆ ಯಾರದು, ಅದನ್ನು ಎಲ್ಲಿ ವಸೂಲು ಮಾಡುತ್ತಾರೆ, ಅದು ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಮೊದಲಿಂದ ನೋಡಬೇಕು.

ಜಿಎಸ್‌ಟಿಯ ಹೊರಗಿನ ಸರಕು

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸೋಪಿನಿಂದ ಸಿಮೆಂಟಿನವರೆಗೆ ಬಹುತೇಕ ಎಲ್ಲದಕ್ಕೂ ದೇಶಕ್ಕೊಂದೇ ತೆರಿಗೆ ವ್ಯವಸ್ಥೆಯಾಯಿತು. ಕುಡಿಯುವ ಮದ್ಯವನ್ನು ಮಾತ್ರ ಸಂವಿಧಾನ ತಿದ್ದುಪಡಿಯಲ್ಲೇ ಹೊರಗಿಟ್ಟರು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಮದ್ಯದ ನಿಯಂತ್ರಣ ಮತ್ತು ಅದರ ಮೇಲಿನ ಅಬಕಾರಿ ಸುಂಕ ಎರಡೂ ರಾಜ್ಯದ ಹಕ್ಕುಗಳು. ಹೀಗಾಗಿ ಗೋವಾಕ್ಕೆ ಅದರದೇ 1964ರ ಕಾಯ್ದೆ, ನಮಗೆ ನಮ್ಮ 1965ರ ಕರ್ನಾಟಕ ಅಬಕಾರಿ ಕಾಯ್ದೆ. ದರವೂ ಅವರವರದೇ.

ಕಣಕುಂಬಿಯ ಪ್ರಶ್ನೆಗೆ ಉತ್ತರ ಇದೇ ಪಟ್ಟಿಯ 51ನೇ ನಮೂದಿನಲ್ಲಿದೆ. ತನ್ನಲ್ಲಿ ತಯಾರಾದ ಮದ್ಯಕ್ಕೆ ರಾಜ್ಯ ಸುಂಕ ಹಾಕಬಹುದು. ದೇಶದ ಬೇರೆ ಕಡೆ ತಯಾರಾಗಿ ಒಳಗೆ ಬರುವ ಅಂಥದೇ ಮದ್ಯಕ್ಕೂ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ದರದಲ್ಲಿ ಸರಿದೂಗಿಸುವ ಸುಂಕ ಹಾಕಬಹುದು. ಅಂದರೆ ಮದ್ಯ ಯಾವ ರಾಜ್ಯದೊಳಗೆ ಬರುತ್ತದೆಯೋ ಆ ರಾಜ್ಯಕ್ಕೂ ಅದರ ಪಾಲು ಸಲ್ಲಬೇಕು. ಪಣಜಿಯ ಅಂಗಡಿಯ ಬಿಲ್ಲು ಗೋವಾದ ಪಾಲು ಸಂದಿದೆ ಎನ್ನುವುದಕ್ಕಷ್ಟೇ ಸಾಕ್ಷಿ. ಅನುಮತಿ ಪತ್ರವಿಲ್ಲದೆ ಅದನ್ನು ಗಡಿ ದಾಟಿಸಿದರೆ ಕರ್ನಾಟಕದ ಲೆಕ್ಕದಲ್ಲಿ ಅದು ಸುಂಕ ಕಟ್ಟದ ಮಾಲು. ಅಲ್ಲಿನ ಬಾಟಲಿಗಳ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುವುದೂ ಇದೇ ಕಾರಣಕ್ಕೆ.

ಅಲ್ಲೇ ಕುಡಿದು ಬಂದರೆ ಸುಂಕದ ತಕರಾರಿಲ್ಲ. ಗಾಡಿ ಹೊಡೆಯುವವರು ಕುಡಿದಿದ್ದರೆ ಅದು ಪೊಲೀಸರ ಲೆಕ್ಕ, ಅಬಕಾರಿಯದಲ್ಲ.

ಬೆಲೆಯೊಳಗೆ ಸರ್ಕಾರದ ಪಾಲು

ಕರ್ನಾಟಕದಲ್ಲಿ ವಿಸ್ಕಿ, ಬ್ರಾಂದಿ, ರಮ್‌ನಂಥ ಮದ್ಯಕ್ಕೆ ಕಂಪನಿ ಮೊದಲು ತನ್ನ ಬೆಲೆಯನ್ನು ಇಲಾಖೆಗೆ ಘೋಷಿಸಬೇಕು. ಬಿಡಿ ಬಾಟಲಿಗಲ್ಲ, ಬಾಕ್ಸಿಗೆ. ಒಂದು ಬಾಕ್ಸೆಂದರೆ 180 ಮಿಲಿಯ 48 ಕ್ವಾರ್ಟರ್ ಅಥವಾ 750 ಮಿಲಿಯ 12 ಬಾಟಲಿ. ಈ ಘೋಷಿತ ಬೆಲೆ ಯಾವ ಸ್ಲ್ಯಾಬಿಗೆ ಬೀಳುತ್ತದೆ ಎಂಬುದರ ಮೇಲೆ ಹೆಚ್ಚುವರಿ ಅಬಕಾರಿ ಸುಂಕ ನಿಗದಿ. ಇದರ ಜೊತೆಗೆ ಮೂಲ ಅಬಕಾರಿ ಸುಂಕ, ಸಗಟು ನಿಗಮದ ಪಾಲು, ಅಂಗಡಿಯವನ ಲಾಭ ಸೇರಿ ಎಂಆರ್‌ಪಿ ಆಗುತ್ತದೆ. ಬಿಯರ್‌ಗೆ ಶೇಕಡಾ ಲೆಕ್ಕ. 2023ರ ಜುಲೈ ಬಜೆಟ್‌ನಲ್ಲಿ ಅದನ್ನು ಶೇ 175ರಿಂದ ಶೇ 185ಕ್ಕೆ ಏರಿಸಲಾಯಿತು. ತೆರಿಗೆಯೇ ಮಾಲಿನ ಬೆಲೆಗಿಂತ ದೊಡ್ಡದು, ಹೆಚ್ಚುಕಡಿಮೆ ಎರಡು ಪಟ್ಟು.

ಈ ಹಣ ರಾಜ್ಯಕ್ಕೆ ಎಷ್ಟು ಮುಖ್ಯವೆಂದರೆ 2025-26ರ ಬಜೆಟ್ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಜಿಎಸ್‌ಟಿ ದರ ಬದಲಿಸಲು ಕೇಂದ್ರವೂ ರಾಜ್ಯಗಳೂ ಕೂಡಿ ತೀರ್ಮಾನಿಸಬೇಕು. ಮದ್ಯದ ದರವನ್ನು ಬೆಂಗಳೂರಿನಲ್ಲೇ ಕೂತು ಬದಲಿಸಬಹುದು. ಹಣ ಕಮ್ಮಿ ಬಿದ್ದಾಗಲೆಲ್ಲ ಯಾವ ಪಕ್ಷದ ಸರ್ಕಾರವೇ ಇರಲಿ ಇಲ್ಲಿಗೇ ಕೈ ಹಾಕುವುದು ಅದಕ್ಕೇ.

ಕಾಯ್ದೆಯ ಒಳಗೆ ಉಳಿಸುವುದು, ಕಾಯ್ದೆ ಮುರಿದು ನುಂಗುವುದು

ತೆರಿಗೆ ಕಟ್ಟದಿರುವುದೆಲ್ಲ ಅಪರಾಧವಲ್ಲ. ಸ್ಲ್ಯಾಬಿನ ಆಟ ನೋಡಿ. ಒಂದು ಸ್ಲ್ಯಾಬಿನ ಮೇಲಿನ ಮಿತಿ ಬಾಕ್ಸಿಗೆ 1,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. 1,010 ರೂಪಾಯಿಗೆ ಮಾರಬೇಕೆಂದಿದ್ದ ಕಂಪನಿ 999 ಎಂದು ಘೋಷಿಸಿದರೆ ಹನ್ನೊಂದು ರೂಪಾಯಿ ಬಿಟ್ಟುಕೊಟ್ಟು ಅದಕ್ಕಿಂತ ಹೆಚ್ಚಿನ ಸುಂಕ ಉಳಿಸಿಕೊಳ್ಳಬಹುದು. ಇದರಲ್ಲಿ ಕಾಯ್ದೆ ಮುರಿದದ್ದೇನೂ ಇಲ್ಲ. ಸ್ಲ್ಯಾಬುಗಳು ಹೆಚ್ಚಿದಷ್ಟೂ ಇಂಥ ಅಂಚುಗಳೂ ಹೆಚ್ಚು. 2024ರ ಆಗಸ್ಟ್‌ನಲ್ಲಿ ಸರ್ಕಾರ 18 ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿತು.

ಮಿಲಿಟರಿ ಕ್ಯಾಂಟೀನಿನ ಬಾಟಲಿ ಕಾಯ್ದೆಯ ಒಳಗಿನದಕ್ಕೂ ಕಾಯ್ದೆ ಮುರಿಯುವುದಕ್ಕೂ ನಡುವಿನದು. ಮರಾಠಾ ಲಘು ಪದಾತಿದಳದ ಕೇಂದ್ರ, ಸಾಂಬ್ರಾದ ವಾಯುಪಡೆ ತರಬೇತಿ ಶಾಲೆ ಇರುವ ಬೆಳಗಾವಿಯಲ್ಲಿ ಇದರ ಪರಿಚಯ ಇಲ್ಲದವರು ಕಡಿಮೆ. ಸೈನಿಕರಿಗೂ ಮಾಜಿ ಸೈನಿಕರಿಗೂ ರಿಯಾಯಿತಿ ಸುಂಕದಲ್ಲಿ ತಿಂಗಳಿಗಿಷ್ಟು ಎಂದು ಕೊಡುವ ಕೋಟಾ ಅದು. ಅವರು ಕುಡಿದರೆ ಸರಿ. ಅದೇ ಬಾಟಲಿ ಓಣಿಯ ಬೇರೊಬ್ಬರ ಕೈಗೆ ದುಡ್ಡಿಗೆ ಹೋಯಿತೆಂದರೆ ರಿಯಾಯಿತಿ ಪಡೆದ ಸುಂಕ ಪೂರ್ತಿ ವಂಚನೆಯಾಗುತ್ತದೆ.

ಇಲ್ಲೊಂದು ಗೊಂದಲವನ್ನೂ ಬಿಡಿಸಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಕಿರಾಣಿ ಅಂಗಡಿ, ಪಾನ್ ಶಾಪ್, ಧಾಬಾಗಳಲ್ಲಿ ಮದ್ಯ ಮಾರುತ್ತಾರೆ, ನಿಲ್ಲಿಸಿ ಎಂದು ಹೆಣ್ಣುಮಕ್ಕಳು ಮನವಿ ಕೊಡುವುದು ಹೊಸದಲ್ಲ. ಅದು ಅಕ್ರಮ ಮಾರಾಟ, ನಿಜ. ಆದರೆ ಆ ಟೆಟ್ರಾ ಪ್ಯಾಕ್‌ಗಳು ಬಹುತೇಕ ಪರವಾನಗಿ ಅಂಗಡಿಯಿಂದಲೇ ಬಾಕ್ಸ್‌ಗಟ್ಟಲೆ ಬಂದಂಥವು, ಸುಂಕ ಆಗಲೇ ಕಟ್ಟಿಯಾಗಿದೆ. ಊರಿಗೆ ಆಗುವ ಹಾನಿ ಬೇರೆ, ಖಜಾನೆಗೆ ಮಾತ್ರ ಇದರಿಂದ ಒಂದು ಪೈಸೆ ನಷ್ಟವಿಲ್ಲ. ಗೋವಾದ ಹತ್ತು ಬಾಟಲಿಗೆ ತೋರುವ ಚುರುಕು ಇಲ್ಲಿ ಯಾಕಿಲ್ಲ ಎಂದು ಜನ ಕೇಳುತ್ತಾರೆ. ಖಜಾನೆಗೆ ನಷ್ಟವಿಲ್ಲವೆಂದೇ ಸುಮ್ಮನಿದ್ದಾರೆ ಎಂಬ ಅವರ ಗುಮಾನಿಗೆ ಆಧಾರವಿಲ್ಲ ಎನ್ನಲು ನನಗೂ ಧೈರ್ಯ ಸಾಲದು.

ಎಲ್ಲ ಹರಿವಿಗೂ ಒಂದೇ ತೂಬು

2003ಕ್ಕೆ ಮೊದಲು ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಖಾಸಗಿಯವರ ಕೈಲಿತ್ತು. ಡಿಸ್ಟಿಲರಿಯಿಂದ ಹೊರಟ ಲೋಡು ಯಾವ ಗೋದಾಮಿಗೆ ಹೋಯಿತು, ಅಲ್ಲಿಂದ ಎಷ್ಟು ಅಂಗಡಿಗೆ ಹಂಚಿಕೆಯಾಯಿತು ಎಂದು ಬೆನ್ನುಹತ್ತಿ ಲೆಕ್ಕ ಹಿಡಿಯುವುದು ಆಗದ ಕೆಲಸ. ಆ ಕಾಲದವರ ಬಾಯಲ್ಲಿ 'ಸೆಕೆಂಡ್ಸ್' ಎಂಬ ಮಾತು ಈಗಲೂ ಇದೆ. ಅದೇ ಕಂಪನಿಯ ಅದೇ ಮಾಲು, ಸುಂಕದ ಲೆಕ್ಕಕ್ಕೆ ಮಾತ್ರ ಬಾರದ್ದು. ಒಂದು ಪರ್ಮಿಟ್ ತೋರಿಸಿ ಎರಡು ಲೋಡು ಸಾಗಿಸಿದರೆ ಎರಡನೆಯದು ಸೆಕೆಂಡ್ಸ್.

2003ರಲ್ಲಿ ಸರ್ಕಾರ ಕರ್ನಾಟಕ ರಾಜ್ಯ ಪಾನೀಯ ನಿಗಮವನ್ನು ಕಟ್ಟಿ ಇಡೀ ಸಗಟು ವ್ಯಾಪಾರವನ್ನು ಅದರ ಕೈಗೆ ಕೊಟ್ಟಿತು. ಈಗ ಯಾವ ಕಂಪನಿಯೂ ನೇರವಾಗಿ ಬಾರಿಗೆ ಮಾರುವಂತಿಲ್ಲ, ಮಾಲು ನಿಗಮದ ಡಿಪೋಕ್ಕೆ ಬರಬೇಕು. ಅಂಗಡಿಯವರು ಇಂಡೆಂಟ್ ಹಾಕಿ, ಹಣ ಕಟ್ಟಿ, ಸಾಗಣೆ ಪರ್ಮಿಟ್ ಪಡೆದು ಎತ್ತಬೇಕು. ಚಿಲ್ಲರೆ ಅಂಗಡಿಯಾದ ಸಿಎಲ್-2, ಬಾರ್ ಆದ ಸಿಎಲ್-9, ವಸತಿಗೃಹದ ಸಿಎಲ್-7, ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆ, ಎಲ್ಲರಿಗೂ ಇದೇ ಬಾಗಿಲು. ಬಾಟಲಿ ಅಂಗಡಿಯ ಕಪಾಟು ಸೇರುವ ಹೊತ್ತಿಗೆ ಸರ್ಕಾರದ ಪಾಲು ಜಮಾ ಆಗಿ ಮುಗಿದಿರುತ್ತದೆ. ಸಾವಿರಾರು ಅಂಗಡಿಗಳ ಗಲ್ಲಾಪೆಟ್ಟಿಗೆ ತಪಾಸಣೆ ಮಾಡುವ ಬದಲು ಕೆಲವೇ ಡಿಪೋಗಳ ಬಾಗಿಲಲ್ಲಿ ನಿಂತರೆ ಸಾಕು.

ಮಲಪ್ರಭಾ ಕಾಲುವೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ನೀರಿನ ಲೆಕ್ಕ ತೂಬಿನ ಹತ್ತಿರ. ತೂಬು ದಾಟಿದ ನೀರಿಗೆ ಲೆಕ್ಕವಿದೆ. ಕದಿಯುವವರು ತೂಬಿಗಿಂತ ಮೇಲೆಯೇ ಪಂಪ್‌ಸೆಟ್ ಇಟ್ಟರೆ, ಇಲ್ಲವೇ ಪಕ್ಕದ ಹಳ್ಳದ ನೀರು ತಂದರೆ ತೂಬು ಕಾಯುವವರಿಗೆ ಗೊತ್ತೇ ಆಗುವುದಿಲ್ಲ. ಮದ್ಯದಲ್ಲೂ ಅಷ್ಟೇ: ಮೇಲಿನ ಪಂಪ್‌ಸೆಟ್ ಎಂದರೆ ಸ್ಪಿರಿಟ್ ಕಳವು, ಪಕ್ಕದ ಹಳ್ಳವೆಂದರೆ ಹೊರರಾಜ್ಯದ ಮಾಲು.

ಡಿಪೋ ದಾಟಿದ ಮಾಲನ್ನು ಗುರುತಿಸಲು ಪ್ರತಿ ಬಾಟಲಿಯ ಮುಚ್ಚಳಕ್ಕೆ ಅಬಕಾರಿ ಭದ್ರತಾ ಚೀಟಿ ಅಂಟಿಸುತ್ತಾರೆ. ಮುಚ್ಚಳ ತಿರುಗಿಸಿದರೆ ಅದು ಹರಿಯಬೇಕು, ಮತ್ತೆ ಅಂಟಿಸಲು ಬರಬಾರದು. ದುಬಾರಿ ಬ್ರ್ಯಾಂಡಿನ ಖಾಲಿ ಬಾಟಲಿಗೆ ಅಗ್ಗದ ಮದ್ಯ ತುಂಬಿ ಮಾರುವವರಿಗೆ ಕಷ್ಟ ಕೊಡುವುದು ಬಾಟಲಿಯಲ್ಲ, ಈ ಚೀಟಿ. ಬಾಟಲಿ ಗುಜರಿಯಲ್ಲಿ ಸಿಗುತ್ತದೆ.

ಒಂದು ಟನ್ ಕಬ್ಬಿನಲ್ಲಿ ಎಷ್ಟು ಕ್ವಾರ್ಟರ್?

ನಮ್ಮ ಭಾಗದಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿಗೆ. ಅಥಣಿ, ರಾಯಬಾಗ, ಚಿಕ್ಕೋಡಿ, ಗೋಕಾಕ, ಇತ್ತ ಮುಧೋಳ, ಜಮಖಂಡಿ. ರಾಜ್ಯದ ಸಕ್ಕರೆ ಕಾರ್ಖಾನೆಗಳ ದೊಡ್ಡ ಗುಂಪು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ಹುಳಿಸಿ ಭಟ್ಟಿ ಇಳಿಸಿದರೆ ಸ್ಪಿರಿಟ್. ಇನ್ನಷ್ಟು ಶುದ್ಧ ಮಾಡಿದರೆ ಶೇ 96ರಷ್ಟು ಆಲ್ಕೋಹಾಲ್ ಇರುವ ಇಎನ್‌ಎ. ನೀರು ಪೂರ್ತಿ ತೆಗೆದರೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್.

ಲೆಕ್ಕ ಹಾಕೋಣ. ಒಂದು ಟನ್ ಕಬ್ಬಿಗೆ 40-45 ಕೆ.ಜಿ. ಕಾಕಂಬಿ. ಅದರಿಂದ ಸುಮಾರು 10 ಲೀಟರ್ ಸ್ಪಿರಿಟ್. ನಮ್ಮ ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಇರುವುದು ಶೇ 42.8 ಆಲ್ಕೋಹಾಲ್. ಹೀಗಾಗಿ ನೀರು ಬೆರೆಸಿದರೆ ಒಂದು ಲೀಟರ್ ಸ್ಪಿರಿಟ್ ಎರಡೂಕಾಲು ಲೀಟರ್ ಮದ್ಯವಾಗುತ್ತದೆ, ಅಂದರೆ 12 ಕ್ವಾರ್ಟರ್ ತುಂಬಿ ಸ್ವಲ್ಪ ಉಳಿಯುತ್ತದೆ. ಒಂದು ಟನ್ ಕಬ್ಬಿನ ಹಿಂದೆ ಹೆಚ್ಚುಕಡಿಮೆ 120 ಕ್ವಾರ್ಟರ್ ಕೂತಿವೆ. 20,000 ಲೀಟರ್ ಹಿಡಿಯುವ ಒಂದೇ ಟ್ಯಾಂಕರ್ ಸ್ಪಿರಿಟ್ ದಾರಿ ತಪ್ಪಿದರೆ ಸುಮಾರು ಎರಡೂವರೆ ಲಕ್ಷ ಕ್ವಾರ್ಟರ್ ಮದ್ಯ ತೂಬಿನ ಮೇಲೆಯೇ ಸೋರಿದಂತೆ. ಕಾರಿನ ಡಿಕ್ಕಿಯ ಹತ್ತು ಬಾಟಲಿ ಇದರ ಮುಂದೆ ಎಲ್ಲಿ?

ಆದ್ದರಿಂದಲೇ ಕಾವಲು ಡಿಸ್ಟಿಲರಿಯೊಳಗಿಂದಲೇ ಶುರುವಾಗುತ್ತದೆ. ಅಬಕಾರಿ ಸಿಬ್ಬಂದಿಯನ್ನು ಅಲ್ಲೇ ನೇಮಿಸಿರುತ್ತಾರೆ, ಟ್ಯಾಂಕುಗಳಿಗೆ ಇಲಾಖೆಯ ಬೀಗ, ಕೊಳವೆಗಳಿಗೆ ಮೀಟರ್. ಇಷ್ಟೇ ಆದರೆ ಕಡಿಮೆ ಇಳುವರಿ ಬಂತು ಎಂದು ಬರೆದು ಉಳಿದದ್ದನ್ನು ಸಾಗಿಸಬಹುದಲ್ಲ? ಅದಕ್ಕೆ ಉತ್ತರವಾಗಿ 1998ರಲ್ಲಿ ಇಳುವರಿ ಮತ್ತು ವ್ಯಯದ ನಿಯಮಗಳು ಬಂದವು. ಇಷ್ಟು ಕಚ್ಚಾಮಾಲಿಗೆ ಕನಿಷ್ಠ ಇಷ್ಟು ಸ್ಪಿರಿಟ್ ಬರಲೇಬೇಕು, ಆವಿಯಾಗಿ, ಸೋರಿ ಹೋಗುವುದಕ್ಕೂ ಇಷ್ಟೇ ಮಿತಿ ಎಂದು ಅವು ಹೇಳುತ್ತವೆ.

ಕುಡಿಯಲಿಕ್ಕಲ್ಲದ ಸ್ಪಿರಿಟ್ಟನ್ನು ಕೆಡಿಸುವುದು ಇನ್ನೊಂದು ತಡೆ. ಬಣ್ಣ, ರಾಸಾಯನಿಕ, ಇಂಧನಕ್ಕೆ ಹೋಗುವ ಸ್ಪಿರಿಟ್ಟಿಗೆ ಮದ್ಯದ ಸುಂಕವಿಲ್ಲ. ಅದು ಬಾಟಲಿಗೆ ಮರಳದಿರಲೆಂದು ಬಾಯಿಗಿಡಲಾಗದ ವಸ್ತು ಬೆರೆಸಿ ಕಳಿಸುತ್ತಾರೆ. ಇಂಥ ಸ್ಪಿರಿಟ್ಟಿನ ಮೇಲೆ ಅಧಿಕಾರ ಕೇಂದ್ರದ್ದೋ ರಾಜ್ಯದ್ದೋ ಎಂಬ ಜಗಳ ದಶಕಗಳಷ್ಟು ಹಳೆಯದು. 1990ರ ತೀರ್ಪು ರಾಜ್ಯಗಳ ಕೈ ಕಟ್ಟಿತ್ತು. 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಲ್ಲಿ ಅದನ್ನು ತಿರುಗಿಸಿ, ಕೈಗಾರಿಕಾ ಮದ್ಯಸಾರವೂ ರಾಜ್ಯಗಳ ಅಧಿಕಾರದ ವ್ಯಾಪ್ತಿಗೇ ಬರುತ್ತದೆ ಎಂದಿತು. ಅದೇ ವರ್ಷ ಕೇಂದ್ರವು ಮದ್ಯ ತಯಾರಿಕೆಗೆ ಬಳಸುವ ಇಎನ್‌ಎಯನ್ನು ಜಿಎಸ್‌ಟಿಯಿಂದ ಹೊರಗಿಟ್ಟಿತು.

ಸ್ಪಿರಿಟ್ ಕಳವು ಬರೀ ಖಜಾನೆಯ ಪ್ರಶ್ನೆಯೂ ಅಲ್ಲ. ಕೈಗಾರಿಕೆಯ ಮಿಥೈಲ್ ಆಲ್ಕೋಹಾಲ್ ನೋಡಲು ಸ್ಪಿರಿಟ್ಟಿನಂತೆಯೇ ಇರುತ್ತದೆ, ಒಳಗೆ ಹೋದರೆ ಕಣ್ಣು ತೆಗೆಯುತ್ತದೆ, ಜೀವ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಮರುವರ್ಷದ ಮೇ ತಿಂಗಳಲ್ಲೇ ಕರ್ನಾಟಕ-ತಮಿಳುನಾಡು ಗಡಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿ ಕುಡಿದು ಸತ್ತರು.

ಗಡಿಯ ಕಳ್ಳದಾರಿ

ಗೋವಾದಿಂದ ನಮ್ಮ ಕಡೆ ಬರಲು ಮುಖ್ಯವಾಗಿ ಎರಡು ರಸ್ತೆ. ಒಂದು ಚೋರ್ಲಾ ಘಾಟ್ ಹತ್ತಿ ಕಣಕುಂಬಿ, ಜಾಂಬೋಟಿ ಮೇಲೆ. ಇನ್ನೊಂದು ಅನಮೋಡ ಘಾಟ್ ಹತ್ತಿ ಲೋಂಡಾ, ಖಾನಾಪುರ ಮೇಲೆ. ಮೂರನೆಯದು ಮಹಾರಾಷ್ಟ್ರದ ಚಂದಗಡ ಕಡೆಯಿಂದ ಸುತ್ತಿ ಬರುವ ಹಾದಿ. ಕ್ಯಾಸಲ್‌ರಾಕ್, ಲೋಂಡಾ ದಾಟುವ ರೈಲು ಬೇರೆ. ನಿಪ್ಪಾಣಿ, ಕಾಗವಾಡ, ಅಥಣಿ ಕಡೆ ಮಹಾರಾಷ್ಟ್ರಕ್ಕೆ ಹೋಗುವ ಹೊಲದ ದಾರಿಗಳನ್ನು ಎಣಿಸಿ ಮುಗಿಸುವಂತಿಲ್ಲ. ಜಿಎಸ್‌ಟಿ ಬಂದ ಮೇಲೆ ದೇಶದ ಬಹುತೇಕ ಕಡೆ ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು, ಲಾರಿಗಳು ನಿಲ್ಲದೆ ಓಡುತ್ತವೆ. ತಡೆದು ನಿಲ್ಲಿಸುವ ಹೊಣೆ ಅಬಕಾರಿ ಸಿಬ್ಬಂದಿ, ಪೊಲೀಸರ ಮೇಲೆಯೇ ಉಳಿದಿದೆ.

ಸಾಗಿಸುವವರಿಗೆ ಕೂಲಿ ಕೊಡುವುದು ಎರಡು ರಾಜ್ಯಗಳ ದರದ ಅಂತರ. ಒಂದು ಬಾಟಲಿಗೆ 300 ರೂಪಾಯಿ ಅಂತರವಿದೆ ಎಂದಿಟ್ಟುಕೊಂಡರೂ 100 ಬಾಕ್ಸಿನ ಒಂದು ಲೋಡಿಗೆ 3.6 ಲಕ್ಷ ರೂಪಾಯಿ. ಲಾರಿಯ ಕ್ಯಾಬಿನ್ನಿನ ಹಿಂದೆ ಗುಪ್ತ ಪೆಟ್ಟಿಗೆ ಮಾಡಿಸುವ, ತರಕಾರಿ ಕ್ರೇಟಿನ ಕೆಳಗೆ ಅಡಗಿಸುವ ಖರ್ಚು ಒಂದೇ ಟ್ರಿಪ್ಪಿನಲ್ಲಿ ಹುಟ್ಟುತ್ತದೆ. ಮಾಲೆಲ್ಲ ಇಲ್ಲಿಗೇ ಇಳಿಯುತ್ತದೆ ಎಂದೂ ಅಲ್ಲ. ಮಹಾರಾಷ್ಟ್ರ, ತೆಲಂಗಾಣಕ್ಕೆ ಹೋಗುವ ಲೋಡಿಗೆ ಬೆಳಗಾವಿ, ವಿಜಯಪುರ ಬರೀ ದಾರಿ. 2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ವಿಸ್ಕಿ, ರಮ್‌ನಂಥ ಮದ್ಯದ ಸುಂಕವನ್ನು ತಯಾರಿಕಾ ವೆಚ್ಚದ ಮೂರು ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಏರಿಸಿತು. ಪಕ್ಕದ ರಾಜ್ಯ ದರ ಏರಿಸಿದಾಗ ಮಹಾರಾಷ್ಟ್ರ ಗಡಿಯ ಕೊಗನೊಳಿ ಕಡೆ ಹೋಗುವ ಗಾಡಿಗಳನ್ನೂ ನೋಡಬೇಕಾಗುತ್ತದೆ.

ದರ ಇಳಿಸುವುದೂ ಒಂದು ತಡೆ

ಕಾವಲು ಬಿಗಿ ಮಾಡುವುದು ಒಂದು ದಾರಿ, ಅಂತರವನ್ನೇ ಕುಗ್ಗಿಸುವುದು ಇನ್ನೊಂದು. ಕರ್ನಾಟಕ ಎರಡನ್ನೂ ಮಾಡಿದೆ, ಒಂದಕ್ಕೊಂದು ವಿರುದ್ಧವಾಗಿಯೂ ಮಾಡಿದೆ. 2023ರಲ್ಲಿ ಎಲ್ಲ 18 ಸ್ಲ್ಯಾಬುಗಳ ಹೆಚ್ಚುವರಿ ಸುಂಕವನ್ನು ಶೇ 20ರಷ್ಟು ಏರಿಸಿತು. 2024ರಲ್ಲಿ ನೆರೆರಾಜ್ಯಗಳ ದರಕ್ಕೆ ಹೊಂದಿಸುವುದಾಗಿ ಹೇಳಿ ಪ್ರೀಮಿಯಂ ಬ್ರ್ಯಾಂಡುಗಳ ಸುಂಕ ಇಳಿಸಿತು. ಗೋವಾದಿಂದ ಹೊತ್ತು ತರುವುದು ಹೆಚ್ಚಾಗಿ ದುಬಾರಿ ಬಾಟಲಿಗಳನ್ನೇ ಆದ್ದರಿಂದ ಈ ಲೆಕ್ಕ ಸರಿಯಿದೆ. ದಿನಗೂಲಿಯವರು ಕುಡಿಯುವ ಅಗ್ಗದ ಸ್ಲ್ಯಾಬಿಗೆ ಆ ಇಳಿಕೆ ಸಿಗಲಿಲ್ಲ. ಅಲ್ಲಿ ದರ ಏರಿದರೆ ಜನ ಗೋವಾಕ್ಕೆ ಹೋಗುವುದಿಲ್ಲ, ಕಳ್ಳಭಟ್ಟಿಯ ಕಡೆ ನೋಡುತ್ತಾರೆ.

ಸಿಕ್ಕಿಬಿದ್ದರೆ ಏನಾಗುತ್ತದೆ?

ಅನುಮತಿಯಿಲ್ಲದೆ ಮದ್ಯ ತರುವುದು, ಸಾಗಿಸುವುದು ಅಬಕಾರಿ ಕಾಯ್ದೆಯ 32ನೇ ಕಲಮಿನಡಿ ಅಪರಾಧ, ಅಂಥ ಮಾಲು ಇಟ್ಟುಕೊಂಡರೆ 34ನೇ ಕಲಮು. ದಂಡಕ್ಕಿಂತ ಹೆಚ್ಚು ತಟ್ಟುವುದು ವಾಹನದ ಜಪ್ತಿ. ಮದ್ಯ ಸಾಗಿಸಿದ ಗಾಡಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕಾಯ್ದೆಯಲ್ಲಿದೆ, ಅದು ಬಾಡಿಗೆ ಟ್ಯಾಕ್ಸಿಯಾದರೂ ಗೆಳೆಯನ ಕಾರಾದರೂ. ತನಗೆ ಗೊತ್ತಿರಲಿಲ್ಲ, ತಕ್ಕ ಎಚ್ಚರಿಕೆ ತೆಗೆದುಕೊಂಡಿದ್ದೆ ಎಂದು ಮಾಲೀಕ ತೋರಿಸಿಕೊಡಬೇಕು. ಬೆಳಗಾವಿಯ ಟ್ಯಾಕ್ಸಿಯವರು ಗೋವಾ ಬಾಡಿಗೆ ಒಪ್ಪುವ ಮೊದಲೇ "ಬಾಟ್ಲಿ ಪಾಟ್ಲಿ ಏನೂ ಇಡಂಗಿಲ್ರಿ" ಎಂದು ಕರಾರು ಮಾಡಿಕೊಳ್ಳುವುದು ಇದಕ್ಕೇ.

ನಮ್ಮಲ್ಲೇ ಕೊಳ್ಳುವವರು ನೋಡಬೇಕಾದದ್ದು ಹೆಚ್ಚೇನಿಲ್ಲ. ಮುಚ್ಚಳದ ಮೇಲಿನ ಅಬಕಾರಿ ಚೀಟಿ ಹರಿಯದೆ ಇರಬೇಕು. ಲೇಬಲ್‌ನಲ್ಲಿ ಕರ್ನಾಟಕದ ಎಂಆರ್‌ಪಿ ಇರಬೇಕು, ಬೇರೆ ರಾಜ್ಯದ ಹೆಸರಾಗಲಿ ರಕ್ಷಣಾ ಸಿಬ್ಬಂದಿಗೆ ಮಾತ್ರ ಎಂಬ ಮಾತಾಗಲಿ ಇರಬಾರದು. ಎಂಆರ್‌ಪಿಗಿಂತ ತೀರ ಕಡಿಮೆಗೆ ಕೊಡುತ್ತೇನೆ ಎಂದು ಯಾರಾದರೂ ಬಂದರೆ ಆ ಬಾಟಲಿ ಡಿಪೋದಿಂದ ಬಂದದ್ದಲ್ಲ. ಪರವಾನಗಿ ಪಡೆದ ಅಂಗಡಿಯವರು ಸುಂಕವನ್ನು ಮೊದಲೇ ಕಟ್ಟಿ ಎತ್ತಿದ ಮಾಲನ್ನು ಆ ದರಕ್ಕೆ ಮಾರಿದರೆ ಅವರಿಗೆ ಅಸಲೂ ಹುಟ್ಟುವುದಿಲ್ಲ.